ಹವಳದ ಮರೆಯಲ್ಲಿ ಬಿಸಿಲುಂಡು ಬದುಕುವ ಜೀವ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಏರ್ಪಟ್ಟ ಪರಿಸರ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಳೆಗಾಲ ಕಾಲಿಟ್ಟೊಡನೆ ಅಡಿಕೆ ತೋಟದಲ್ಲಿ ಬಿದ್ದ ಹಾಳೆಗಳ ಅಡಿಯಲ್ಲಿ, ಬಚ್ಚಲ ಕಲ್ಲಿನ ಸಂದಿನಲ್ಲಿ, ಹಿತ್ತಿಲ ಕೆಸುವಿನ ಎಲೆಯ ಮೇಲೆ ಬಸವನಹುಳುಗಳು ಕಾಣಿಸಿಕೊಳ್ಳುತ್ತವೆ. ಬೆನ್ನ ಮೇಲೆ ಚಿಪ್ಪು ಹೊತ್ತವು ಕೆಲವು, ಚಿಪ್ಪೇ ಇಲ್ಲದೆ ಲೋಳೆ ಸುರಿಸುತ್ತ ಸಾಗುವವು ಇನ್ನು ಕೆಲವು. ಎರಡೂ ಮೃದ್ವಂಗಿಗಳ ವರ್ಗಕ್ಕೆ ಸೇರಿದ ಜೀವಿಗಳು. ಚಿಪ್ಪು ಕಳೆದುಕೊಂಡ ಈ ಬಗೆಯ ಜೀವಿಗಳು ನೆಲದ ಮೇಲೆ ಇರುವುದಕ್ಕಿಂತ ಬಹುಪಾಲು ಹೆಚ್ಚಿನ ವೈವಿಧ್ಯದಲ್ಲಿ ಸಮುದ್ರದಲ್ಲಿವೆ. ಅವುಗಳ ಪೈಕಿ ನೂಡಿಬ್ರಾಂಕ್ ಎಂಬ ಗುಂಪೊಂದರಲ್ಲೇ ಸುಮಾರು 3000 ಪ್ರಭೇದಗಳಿಗೆ ವಿಜ್ಞಾನ ಹೆಸರಿಟ್ಟಿದೆ. ನೂಡಿಬ್ರಾಂಕ್ ಎಂದರೆ ಬತ್ತಲೆ ಕಿವಿರಿನ ಪ್ರಾಣಿ ಎಂದು ಅರ್ಥ.

ಈ ಗುಂಪಿನೊಳಗೆ ಫಿಲ್ಲೊಡೆಸ್ಮಿಯಂ ಎಂಬ ಒಂದು ಕುಲವಿದೆ. ಈ ಕುಲದ ಜೀವಿಗಳು ಮೃದು ಹವಳದ ಮೇಲೆ ಬದುಕುತ್ತವೆ, ಮೃದು ಹವಳವನ್ನೇ ತಿನ್ನುತ್ತವೆ, ಮೃದು ಹವಳದಂತೆಯೇ ಕಾಣುತ್ತವೆ. ಅವುಗಳಲ್ಲಿ ಹಲವು ಬಿಸಿಲಿನಿಂದಲೂ ಆಹಾರ ಪಡೆಯುತ್ತವೆ. ಪ್ರಾಣಿಯೊಂದು ಗಿಡದಂತೆ ಬಿಸಿಲುಂಡು ಬದುಕುವ ಬಗೆ ಯಾವುದು, ಕಣ್ಣೆದುರಿಗಿದ್ದರೂ ಕಾಣದ ಆ ಪ್ರಾಣಿಯನ್ನು ಗುರುತಿಸುವ ಬಗೆ ಯಾವುದು, ಹಾಗೆ ಗುರುತಿಸುವುದರಿಂದ ಆಗುವ ಪ್ರಯೋಜನವೇನು ಎಂಬ ಮೂರು ಪ್ರಶ್ನೆಗಳೇ ಇಂದಿನ ವಿಷಯ.

ಎಂಟು ತೋಳಿನ ಹವಳ

ಹವಳವೆಂದರೆ ಕಲ್ಲು ಎಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಅದು ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ವಸಾಹತು. ಸುಣ್ಣದ ಗಟ್ಟಿ ಗೂಡು ಕಟ್ಟಿ ದಿಬ್ಬಗಳನ್ನೇ ಎಬ್ಬಿಸುವ ಹವಳಗಳು ಒಂದು ಬಗೆ. ಗೂಡು ಕಟ್ಟದೆ, ಮಾಂಸಲವಾದ ದೇಹದೊಳಗೆ ಸುಣ್ಣದ ಸಣ್ಣ ಸಣ್ಣ ಮುಳ್ಳುಗಳನ್ನಷ್ಟೇ ಇರಿಸಿಕೊಂಡ ಮೃದು ಹವಳಗಳು ಇನ್ನೊಂದು ಬಗೆ. ಮೃದು ಹವಳದ ಪ್ರತಿಯೊಂದು ಪಾಲಿಪ್‌ಗೂ ಎಂಟು ತೋಳುಗಳಿರುತ್ತವೆ. ಪ್ರತಿ ತೋಳಿನ ಇಕ್ಕೆಲಗಳಲ್ಲೂ ಹಕ್ಕಿಯ ಗರಿಯಲ್ಲಿರುವಂತೆ ಎಳೆಗಳಿರುತ್ತವೆ. ಈ ಎಂಟರ ಲೆಕ್ಕವನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು. ಹುಳುವನ್ನು ಪತ್ತೆ ಮಾಡುವಾಗ ಅದೇ ಮೊದಲ ಸಾಧನ.

ಬೆಳಕು ತಲುಪುವ ಆಳದಲ್ಲಿರುವ ಬಹುತೇಕ ಹವಳಗಳ ಮೈಯೊಳಗೆ ಝೂಕ್ಸಾಂತೆಲ್ಲೆ ಎಂದು ಕರೆಯಲಾಗುವ ಕಂದುಬಣ್ಣದ ಏಕಕೋಶ ಪಾಚಿಗಳು ನೆಲೆಸಿರುತ್ತವೆ. ಪಾಚಿ ಬಿಸಿಲಿನಿಂದ ಸಕ್ಕರೆ ತಯಾರಿಸಿ ಅದರ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಪಾಚಿಗೆ ಆಶ್ರಯವನ್ನೂ ತನ್ನ ತ್ಯಾಜ್ಯದಲ್ಲಿರುವ ಸಾರಜನಕವನ್ನೂ ಒದಗಿಸುತ್ತದೆ. ಮಲೆನಾಡಿನ ಮರದ ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವು ಇಂತಹದೇ ಒಪ್ಪಂದದ ಫಲ. ಅಲ್ಲಿ ಶಿಲೀಂಧ್ರವೂ ಪಾಚಿಯೂ ಸೇರಿ ಒಂದೇ ಜೀವಿಯಂತೆ ಬಾಳುತ್ತವೆ. ಹವಳದಲ್ಲಿ ಪ್ರಾಣಿಯೂ ಪಾಚಿಯೂ ಹಾಗೆಯೇ ಕೂಡಿ ಬಾಳುತ್ತವೆ.

ನುಂಗಿದ ಪಾಚಿ, ಉಳಿಸಿಕೊಂಡ ಪಾಚಿ

ಫಿಲ್ಲೊಡೆಸ್ಮಿಯಂ ಸೇರಿದ ನೂಡಿಬ್ರಾಂಕ್ ಬಣಕ್ಕೆ ಬೆನ್ನ ಮೇಲೆ ಸಾಲುಸಾಲಾಗಿ ಬೆರಳಿನಂತಹ ಅಂಗಗಳಿರುತ್ತವೆ. ಅವಕ್ಕೆ ಸೆರಾಟ ಎಂದು ಹೆಸರು. ಪ್ರತಿ ಸೆರಾಟದೊಳಗೂ ಜೀರ್ಣಗ್ರಂಥಿಯ ಒಂದು ಕವಲು ಹರಿದಿರುತ್ತದೆ. ಈ ಬಣದ ಇತರ ಹುಳುಗಳು ತಾವು ತಿಂದ ಪ್ರಾಣಿಗಳ ಕುಟುಕು ಕೋಶಗಳನ್ನು ಸಿಡಿಯಗೊಡದೆ ಸೆರಾಟದ ತುದಿಯ ಚೀಲಕ್ಕೆ ಸಾಗಿಸಿ, ವೈರಿಗಳ ವಿರುದ್ಧ ಅವನ್ನೇ ಬಳಸುತ್ತವೆ. ಫಿಲ್ಲೊಡೆಸ್ಮಿಯಂ ಆ ದಾರಿಯನ್ನು ಬಿಟ್ಟಿದೆ. ಮೃದು ಹವಳದ ಕುಟುಕು ಕೋಶಗಳು ದುರ್ಬಲವಾದವು, ಅವನ್ನು ಕೂಡಿಟ್ಟು ಹೆಚ್ಚಿನ ಪ್ರಯೋಜನವಿಲ್ಲ. ಆದರೆ ಅದೇ ಹವಳದಲ್ಲಿ ಬೇರೆ ಎರಡು ಸಂಪತ್ತುಗಳಿವೆ. ಒಂದು, ಮೀನುಗಳಿಗೆ ರುಚಿಸದ ರಾಸಾಯನಿಕಗಳು. ಇನ್ನೊಂದು, ಜೀವಂತ ಪಾಚಿ.

ಹುಳು ಪಾಲಿಪ್‌ಗಳನ್ನು ಮೇಯುವಾಗ ಪಾಚಿಯೂ ಹೊಟ್ಟೆ ಸೇರುತ್ತದೆ. ಹವಳದ ಮಾಂಸ ಜೀರ್ಣವಾಗುತ್ತದೆ, ಪಾಚಿ ಜೀರ್ಣವಾಗುವುದಿಲ್ಲ. ಜೀರ್ಣಗ್ರಂಥಿಯ ಜೀವಕೋಶಗಳು ಅದನ್ನು ಒಳಗೆಳೆದುಕೊಂಡು ಜೋಪಾನ ಮಾಡುತ್ತವೆ. ಗ್ರಂಥಿಯ ಕವಲುಗಳು ಮರದ ಬೇರಿನಂತೆ ಮತ್ತೆ ಮತ್ತೆ ಒಡೆದು ಸೂಕ್ಷ್ಮ ನಾಳಗಳಾಗಿ, ಪಾರದರ್ಶಕವಾದ ಚರ್ಮದ ಕೆಳಗೆ ಹಬ್ಬುತ್ತವೆ. ಹೀಗೆ ಪಾಚಿ ಬಿಸಿಲಿಗೆ ಒಡ್ಡಿಕೊಳ್ಳುತ್ತದೆ, ಅಲ್ಲಿಯೇ ವಿಭಜನೆಗೊಂಡು ವೃದ್ಧಿಸುತ್ತದೆ, ತಾನು ತಯಾರಿಸಿದ ಆಹಾರದ ಪಾಲನ್ನು ಹೊಸ ಯಜಮಾನನಿಗೆ ಕೊಡುತ್ತದೆ. ಕಂದು ಪಾಚಿ ತುಂಬಿದ ಮೈ ಹವಳದ ಬಣ್ಣವನ್ನೇ ತಾಳುವುದರಿಂದ ಊಟದ ಜೊತೆಗೆ ಮರೆವೇಷವೂ ದಕ್ಕುತ್ತದೆ.

ಮೊಟ್ಟೆಯ ಮೂಲಕ ಈ ಪಾಚಿ ಮರಿಗೆ ದಾಟುವುದಿಲ್ಲ ಎಂಬುದು ಗಮನಾರ್ಹ. ಪ್ರತಿ ತಲೆಮಾರೂ ತನ್ನ ಹವಳವನ್ನು ತಾನೇ ಹುಡುಕಿಕೊಂಡು, ತಿಂದು, ಪಾಚಿಯನ್ನು ಹೊಸದಾಗಿ ಸಂಪಾದಿಸಬೇಕು. ತಾಯಿಯಿಂದ ಬರುವ ಆಸ್ತಿ ಇದಲ್ಲ. ಹವಳ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೆಸರಿಟ್ಟವರು

ಈ ಕುಲಕ್ಕೆ ಹೆಸರಿಟ್ಟವನು ಜರ್ಮನಿಯ ನಿಸರ್ಗ ವಿಜ್ಞಾನಿ ಕ್ರಿಶ್ಚಿಯನ್ ಗಾಟ್‌ಫ್ರೀಡ್ ಎಹ್ರೆನ್‌ಬರ್ಗ್. ಕೆಂಪು ಸಮುದ್ರದಲ್ಲಿ ದೊರೆತ ಫಿಲ್ಲೊಡೆಸ್ಮಿಯಂ ಹಯಲಿನಂ ಎಂಬ ಪ್ರಭೇದವನ್ನು ಆತ 1831ರಲ್ಲಿ ದಾಖಲಿಸಿದ. ಕೋಪನ್‌ಹೇಗನ್ನಿನ ವೈದ್ಯ ರುಡಾಲ್ಫ್ ಬರ್ಗ್ 1896ರಲ್ಲಿ ಬ್ರಿಯಾರಿಯಂ ಪ್ರಭೇದವನ್ನೂ 1905ರಲ್ಲಿ ಲಾಂಗಿಸಿರಂ ಪ್ರಭೇದವನ್ನೂ ವಿವರಿಸಿದ. ಆ ಕಾಲದವರ ಕೈಗೆ ಬರುತ್ತಿದ್ದವು ಮದ್ಯಸಾರದ ಸೀಸೆಯಲ್ಲಿ ಬಣ್ಣಗೆಟ್ಟು ಮುದುಡಿದ ದೇಹಗಳು. ಆ ಹುಳು ಯಾವ ಹವಳದ ಮೇಲಿತ್ತು, ಜೀವಂತವಾಗಿದ್ದಾಗ ಹೇಗೆ ಕಾಣುತ್ತಿತ್ತು ಎಂಬ ವಿವರ ಸೀಸೆಯೊಳಗೆ ಉಳಿಯುತ್ತಿರಲಿಲ್ಲ.

ಮುಳುಗುಗಾರರು ಉಸಿರಾಟದ ಸಲಕರಣೆಯೊಂದಿಗೆ ಹವಳದ ದಿಬ್ಬಗಳಿಗೆ ಇಳಿಯಲಾರಂಭಿಸಿದ ಮೇಲೆ ಚಿತ್ರ ಬದಲಾಯಿತು. ಆಸ್ಟ್ರೇಲಿಯನ್ ಮ್ಯೂಸಿಯಂನ ವಿಜ್ಞಾನಿ ಬಿಲ್ ರಡ್‌ಮನ್ 1981 ಮತ್ತು 1991ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ಕುಲದ ತಿಳಿವಳಿಕೆಗೆ ತಳಹದಿಯಾದವು. ಪ್ರತಿ ಪ್ರಭೇದಕ್ಕೂ ಅದರದೇ ಆದ ಹವಳವಿದೆ ಎಂಬುದನ್ನೂ, ಪಾಚಿಯನ್ನು ಇರಿಸಿಕೊಳ್ಳದ ಪ್ರಭೇದದಿಂದ ಮೊದಲ್ಗೊಂಡು ಮೈತುಂಬ ಪಾಚಿಯ ತೋಟ ಮಾಡಿಕೊಂಡ ಪ್ರಭೇದದವರೆಗೆ ಹಂತಹಂತದ ಸಾಲು ಇದೆ ಎಂಬುದನ್ನೂ ಅವರು ತೋರಿಸಿದರು. ನೀರೊಳಗಿನ ಛಾಯಾಗ್ರಹಣಕ್ಕೆ ಬದುಕನ್ನು ಮುಡಿಪಾಗಿಟ್ಟ ನೆವಿಲ್ ಕೋಲ್‌ಮನ್ ಅವರ ಗೌರವಾರ್ಥ ಒಂದು ಪ್ರಭೇದಕ್ಕೆ ಕೋಲ್‌ಮನಿ ಎಂದು ಹೆಸರಿಡಲಾಯಿತು. ಇದುವರೆಗೆ ಈ ಕುಲದಲ್ಲಿ 20ಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ. ಅವುಗಳಲ್ಲಿ ಅನೇಕವು 2000ದಿಂದ ಈಚೆಗೆ ಹೆಸರು ಪಡೆದವು.

ಗುರುತಿಸುವ ಕ್ರಮ

ಮೊದಲ ಹೆಜ್ಜೆ ಹುಳುವನ್ನು ಹುಡುಕುವುದಲ್ಲ, ಹವಳವನ್ನು ಗುರುತಿಸುವುದು. ಸಹ್ಯಾದ್ರಿಯಲ್ಲಿ ಸದರನ್ ಬರ್ಡ್‌ವಿಂಗ್ ಚಿಟ್ಟೆಯ ಕಂಬಳಿಹುಳುವನ್ನು ನೋಡಬಯಸುವವರು ಕಾಡೆಲ್ಲ ಅಲೆಯುವುದಿಲ್ಲ. ಈಶ್ವರಿ ಬಳ್ಳಿಯ ಬಳಗಕ್ಕೆ ಸೇರಿದ ಬಳ್ಳಿಯ ಬುಡದಲ್ಲಿ ನಿಂತು ಎಲೆಗಳನ್ನು ಮಗುಚಿ ನೋಡುತ್ತಾರೆ. ಆ ಹುಳುವಿಗೆ ಆಹಾರವೂ ಮೈಯೊಳಗಿನ ವಿಷವೂ ಆ ಬಳ್ಳಿಯಿಂದಲೇ ಬರುತ್ತವೆ. ಕಡಲ ತಳದಲ್ಲೂ ಇದೇ ನಿಯಮ. ಹವಳ ಅಣಬೆಯ ಆಕಾರದ ತೊಗಲು ಹವಳವೇ? ಎಡೆಬಿಡದೆ ಮುಷ್ಟಿ ಬಿಗಿದು ಬಿಡುವಂತೆ ತೋಳುಗಳನ್ನು ಮಿಡಿಯುವ ಕ್ಸೀನಿಯವೇ? ಕೆಂಪು ಕೊಳವೆಗಳನ್ನು ಜೋಡಿಸಿಟ್ಟಂತಿರುವ ಟ್ಯೂಬಿಪೋರವೇ? ಈ ಪ್ರಶ್ನೆಗೆ ಉತ್ತರ ದೊರೆತರೆ ಹುಳುವಿನ ಹೆಸರಿನ ಅರ್ಧ ದಾರಿ ಸವೆದಂತೆ.

ಎರಡನೆಯ ಹೆಜ್ಜೆ, ಹವಳದ ಮೇಲೆ ಮೇಯ್ದ ಗುರುತನ್ನು ನೋಡುವುದು. ಪಾಲಿಪ್‌ಗಳಿಲ್ಲದೆ ಬೋಳಾದ ತಾಣ, ಸುರುಳಿ ಸುತ್ತಿದ ಬಿಳಿಯ ದಾರದಂತಹ ಮೊಟ್ಟೆಯ ಮಾಲೆ ಇವೆರಡೂ ಹುಳು ಹತ್ತಿರದಲ್ಲೇ ಇರುವುದರ ಸುಳಿವು. ಹುಳು ಕಣ್ಣಿಗೆ ಬೀಳದಿದ್ದರೂ ಮೊಟ್ಟೆಯ ಮಾಲೆ ಎದ್ದು ಕಾಣುತ್ತದೆ.

ಮೂರನೆಯದು ಎಂಟರ ಲೆಕ್ಕ. ಪಾಲಿಪ್‌ನ ತುದಿಯಲ್ಲಿ ಎಂಟು ತೋಳುಗಳು ಅರಳುತ್ತವೆ. ಸೆರಾಟದ ತುದಿಯಲ್ಲಿ ತೋಳುಗಳಿಲ್ಲ, ಬಾಯಿಯೂ ಇಲ್ಲ. ಹಲವು ಹವಳಗಳ ಪಾಲಿಪ್‌ಗಳನ್ನು ಮೆಲ್ಲನೆ ಕಲಕಿದ ನೀರು ತಾಕಿದಾಗ ಅವು ಒಳಗೆ ಸರಿದುಕೊಳ್ಳುತ್ತವೆ, ಸೆರಾಟಗಳು ಹಾಗೆಯೇ ಬಾಗುತ್ತ ನಿಲ್ಲುತ್ತವೆ. ಅನುಮಾನ ಬಂದ ಗೊಂಚಲಿನ ಒಂದು ಕೊನೆಯಲ್ಲಿ ಮೂಸುವ ಎರಡು ಕೊಂಬುಗಳನ್ನೂ ಬಾಯ ಬಳಿಯ ಎರಡು ಮೀಸೆಗಳನ್ನೂ ಹುಡುಕಬೇಕು. ಈ ಎರಡು ಜೋಡಿ ಕಂಡರೆ ಅದು ಹವಳವಲ್ಲ, ಹುಳು. ಕೈಯಿಂದ ಮುಟ್ಟಲಾಗದು. ಹೆದರಿದ ಹುಳು ಸೆರಾಟಗಳನ್ನು ಹಲ್ಲಿಯ ಬಾಲದಂತೆ ಕಳಚಿಬಿಡುತ್ತದೆ. ಅವು ಮತ್ತೆ ಬೆಳೆಯುತ್ತವೆಯಾದರೂ ಅಷ್ಟರಮಟ್ಟಿಗೆ ಅದರ ಪಾಚಿಯ ತೋಟ ನಷ್ಟವಾಗುತ್ತದೆ.

ನಾಲ್ಕನೆಯದು, ಸೆರಾಟದ ಆಕಾರ ಮತ್ತು ಅದರೊಳಗೆ ಕಾಣುವ ಕಂದು ನಾಳಗಳ ಹರಹು. ದುಂಡಗಿದೆಯೋ ಚಪ್ಪಟೆಯೋ, ನಯವಾಗಿದೆಯೋ ಉಬ್ಬುತಗ್ಗೋ, ನಾಳ ಒಂದೇ ಗೆರೆಯಾಗಿದೆಯೋ ಕವಲೊಡೆದಿದೆಯೋ ಎಂಬುದನ್ನು ಬರೆದುಕೊಳ್ಳಬೇಕು. ಇಷ್ಟಾದ ಮೇಲೂ ಉಳಿಯುವ ಸಂದೇಹವನ್ನು ಪ್ರಯೋಗಾಲಯವೇ ನಿವಾರಿಸಬೇಕು. ಒಂದೇ ಸಾಲಿನಲ್ಲಿರುವ ಹಲ್ಲುಗಳ ರಚನೆ, ಜನನಾಂಗಗಳ ವಿನ್ಯಾಸ ಹಾಗೂ ಡಿಎನ್‌ಎ ಅಲ್ಲಿನ ಸಾಕ್ಷಿಗಳು.

ಕೆಲವು ಪ್ರಭೇದಗಳು

ಲಾಂಗಿಸಿರಂ ಈ ಕುಲದ ದೈತ್ಯ. 12 ಸೆಂಟಿಮೀಟರಿಗೂ ಮೀರಿ ಬೆಳೆಯಬಲ್ಲದು. ಅಗಲವಾದ ಚಪ್ಪಟೆ ಸೆರಾಟಗಳ ಮೇಲೆ ಕಂದು ಬೊಟ್ಟುಗಳನ್ನಿಟ್ಟಂತೆ ಪಾಚಿ ತುಂಬಿದ ನಾಳಗಳ ಗುಂಪುಗಳು ಕಾಣುತ್ತವೆ. ಸಾರ್ಕೊಫೈಟಾನ್ ಎಂಬ ತೊಗಲು ಹವಳ ಇದರ ಆಹಾರ. ಆದರೆ ಬೆಳೆದ ಹುಳು ಹಲವು ವೇಳೆ ಹವಳದಿಂದ ದೂರ, ಮರಳಿನ ಮೇಲೆ ಮರೆಯೇ ಇಲ್ಲದೆ ಇರುತ್ತದೆ. ಇಷ್ಟು ಧೈರ್ಯಕ್ಕೆ ಕಾರಣವುಂಟು. ಈ ಹುಳುವಿನ ಮೈಯಲ್ಲಿ ಮೀನುಗಳನ್ನು ಹಿಮ್ಮೆಟ್ಟಿಸುವ ಟರ್ಪೀನ್ ಬಗೆಯ ರಾಸಾಯನಿಕ ಇರುವುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಬ್ರಿಯಾರಿಯಂ ಪ್ರಭೇದ ಇದಕ್ಕೆ ತದ್ವಿರುದ್ಧ. ಅದು ತಾನು ತಿನ್ನುವ ಬ್ರಿಯಾರಿಯಂ ಹವಳದ ಹೆಸರನ್ನೇ ಹೊತ್ತಿದೆ, ಅದರ ನಡುವೆಯೇ ಅಡಗಿರುತ್ತದೆ. ನಯವಾದ ದುಂಡು ಸೆರಾಟಗಳು ಬಣ್ಣದಲ್ಲೂ ಗಾತ್ರದಲ್ಲೂ ಪಾಲಿಪ್‌ನ ತೋಳುಗಳಿಗೆ ಸಮನಾಗಿರುವುದರಿಂದ ಬಲ್ಲವರ ಕಣ್ಣೂ ಮೋಸಹೋಗುತ್ತದೆ.

ಕ್ಸೀನಿಯ ಹವಳದ ಮೇಲಿನ ಪ್ರಭೇದಗಳದ್ದು ಇನ್ನೂ ಸೂಕ್ಷ್ಮವಾದ ವೇಷ. 2004ರಲ್ಲಿ ಹೆಸರು ಪಡೆದ ಜಾಕೊಬ್ಸೆನೆ ಪ್ರಭೇದದ ಸೆರಾಟಗಳಲ್ಲಿ ಸಣ್ಣ ಉಬ್ಬುಗಳಿದ್ದು, ಅವು ಪಾಲಿಪ್‌ನ ತೋಳಿನ ಗರಿಯೆಳೆಗಳನ್ನು ಹೋಲುತ್ತವೆ. 2006ರಲ್ಲಿ ವಿವರಿಸಲಾದ ರಡ್‌ಮನಿ ಪ್ರಭೇದದ ಸೆರಾಟದ ತುದಿ ಉಬ್ಬಿಕೊಂಡು, ತೋಳು ಮುಚ್ಚಿದ ಕ್ಸೀನಿಯ ಪಾಲಿಪ್‌ನ ಪ್ರತಿರೂಪದಂತಿದೆ. 1981ರಲ್ಲೇ ರಡ್‌ಮನ್ ಇನ್ನೊಂದು ಕ್ಸೀನಿಯವಾಸಿಗೆ ಕ್ರಿಪ್ಟಿಕಂ, ಅಂದರೆ ಅಡಗಿರುವುದು, ಎಂದು ಹೆಸರಿಟ್ಟಿದ್ದರು. ಒಂದೇ ಕುಲದ ಹವಳಕ್ಕೆ ಹಲವು ಹುಳುಗಳು ಹಲವು ಬಗೆಯ ವೇಷ ಕಟ್ಟಿರುವುದರಿಂದ ಹವಳವನ್ನು ಗುರುತಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಪಾಯಿಂಡಿಮಿಯೆ ಎಂಬ ಪ್ರಭೇದ ಬೇರೊಂದು ಪಾಠ ಹೇಳುತ್ತದೆ. ನ್ಯೂ ಕ್ಯಾಲೆಡೋನಿಯದ ಪಟ್ಟಣವೊಂದರ ಹೆಸರನ್ನು ಹೊತ್ತ ಈ ಹುಳುವನ್ನು ರಿಸ್ಬೆಕ್ ಎಂಬ ವಿಜ್ಞಾನಿ 1928ರಲ್ಲಿ ದಾಖಲಿಸಿದ. ಇದರ ಆಹಾರವಾದ ಕಾರಿಜೋವ ಹವಳದ ಮೈಯಲ್ಲಿ ಪಾಚಿ ಇರುವುದಿಲ್ಲ. ಆದ್ದರಿಂದ ಈ ಹುಳುವಿನಲ್ಲಿಯೂ ಪಾಚಿ ಇಲ್ಲ. ಹವಳ ಕೊಡದಿದ್ದುದನ್ನು ಹುಳು ಪಡೆಯಲಾರದು. ಹವಾಯಿ ದ್ವೀಪಗಳಲ್ಲಿ ಕಾರಿಜೋವ ಪರಕೀಯ ಕಳೆಯಂತೆ ಹಬ್ಬಿದಾಗ, ಅದನ್ನಷ್ಟೇ ತಿನ್ನುವ ಈ ಹುಳುವಿನಿಂದ ಹತೋಟಿ ಸಾಧ್ಯವೇ ಎಂದು ವಿಜ್ಞಾನಿಗಳು ಪರಿಶೀಲಿಸಿದರು. 2009ರಲ್ಲಿ ಆ ಅಧ್ಯಯನ ಪ್ರಕಟವಾಯಿತು.

ಬಿಸಿಲೂಟದ ಪರೀಕ್ಷೆ

ಮೈಯಲ್ಲಿ ಪಾಚಿ ಇದ್ದ ಮಾತ್ರಕ್ಕೆ ಪ್ರಾಣಿ ಬಿಸಿಲಿನಿಂದ ಬದುಕುತ್ತದೆ ಎನ್ನಲಾಗದು. ತಿಂದದ್ದು ಇನ್ನೂ ಅರಗದೆ ಉಳಿದಿರಬಹುದು. ಜರ್ಮನಿಯ ಇಂಗೊ ಬುರ್ಘಾರ್ಟ್, ಹೈಕೆ ವೇಗೆಲೆ ಮುಂತಾದವರು ಈ ಸಂದೇಹವನ್ನು ಪರೀಕ್ಷೆಗೆ ಒಡ್ಡಿದರು. ಹುಳುವಿಗೆ ಆಹಾರ ನಿಲ್ಲಿಸಿ ಬೆಳಕಿನಲ್ಲಿ ಇರಿಸಿ, ಕ್ಲೋರೊಫಿಲ್ ಹೊರಸೂಸುವ ಮಂದ ಬೆಳಕನ್ನು ಉಪಕರಣದಿಂದ ಅಳೆದರು. ಪಾಚಿ ಕೆಲಸ ಮಾಡುತ್ತಿದೆಯೋ ಸತ್ತಿದೆಯೋ ಎಂಬುದು ಹುಳುವನ್ನು ಕೊಲ್ಲದೆಯೇ ಇದರಿಂದ ತಿಳಿಯುತ್ತದೆ. ಲಾಂಗಿಸಿರಂ, ಬ್ರಿಯಾರಿಯಂ ಮುಂತಾದ ಪ್ರಭೇದಗಳಲ್ಲಿ ಪಾಚಿ ತಿಂಗಳುಗಟ್ಟಲೆ ಚುರುಕಾಗಿ ಉಳಿಯಿತು, ಹುಳುವೂ ಬದುಕಿ ಉಳಿಯಿತು. ಇತರ ಕೆಲವು ಪ್ರಭೇದಗಳಲ್ಲಿ ಪಾಚಿ ಬೇಗನೆ ಅಳಿಯಿತು. ಮೂರ್ ಮತ್ತು ಗೊಸ್ಲಿನರ್ ಎಂಬ ಸಂಶೋಧಕರು 2011ರಲ್ಲಿ ಜೀನ್‌ಗಳ ಹೋಲಿಕೆಯಿಂದ ಈ ಕುಲದ ವಂಶವೃಕ್ಷವನ್ನು ರಚಿಸಿ, ಸಹಜೀವನ ಬೆಳೆದುಬಂದ ದಾರಿಯನ್ನು ಅದರ ಮೇಲಿಟ್ಟು ನೋಡಿದರು.

ಇಂತಹ ಪರೀಕ್ಷೆ ಏಕೆ ಬೇಕು ಎಂಬುದಕ್ಕೆ ಹಸಿರು ಬಣ್ಣದ ಇನ್ನೊಂದು ಬಗೆಯ ಕಡಲ ಹುಳುಗಳೇ ಸಾಕ್ಷಿ. ಅವು ಇಡೀ ಪಾಚಿಯನ್ನಲ್ಲ, ಪಾಚಿಯ ಕೋಶದಿಂದ ಕ್ಲೋರೊಪ್ಲಾಸ್ಟುಗಳನ್ನಷ್ಟೇ ಹೀರಿ ಇರಿಸಿಕೊಳ್ಳುತ್ತವೆ. ಅವು ಬಿಸಿಲಿನಿಂದಲೇ ಬದುಕುತ್ತವೆಂದು ಬಹುಕಾಲ ನಂಬಲಾಗಿತ್ತು. 2014ರಲ್ಲಿ ಗ್ರೆಗರ್ ಕ್ರಿಸ್ಟ ಮತ್ತು ಸಂಗಡಿಗರು ಅವುಗಳಲ್ಲಿ ಎರಡು ಪ್ರಭೇದಗಳನ್ನು ಕತ್ತಲಲ್ಲಿ ಇರಿಸಿದಾಗಲೂ ಅವು ತಿಂಗಳುಗಟ್ಟಲೆ ಬದುಕಿದವು. ಹೋಲಿಕೆಗೆಂದು ಕತ್ತಲಲ್ಲೂ ಇರಿಸಿ ನೋಡುವವರೆಗೆ ಬಿಸಿಲಿನ ಪಾತ್ರ ಎಷ್ಟೆಂಬುದು ತಿಳಿಯಲಿಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಈ ಒಂದು ಪ್ರಯೋಗವನ್ನು ನೆನಪಿಡುವುದು ಲೇಸು.

ಆಶ್ರಯ ಅಳಿದರೆ

ಸಮುದ್ರದ ನೀರು ಬೇಸಿಗೆಯ ವಾಡಿಕೆಯ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಹವಳ ತನ್ನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬಿಳಿಚುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಹುದು, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್ 1998, 2002, 2016, 2017, 2020, 2022 ಮತ್ತು 2024ರಲ್ಲಿ ಸಾಮೂಹಿಕವಾಗಿ ಬಿಳಿಚಿತು. ಎರಡು ಪೆಟ್ಟುಗಳ ನಡುವಣ ಬಿಡುವು ಕಿರಿದಾಗುತ್ತಿರುವುದನ್ನು ಈ ವರ್ಷಗಳೇ ಹೇಳುತ್ತವೆ.

ಆ ದಿಬ್ಬಸಾಲಿನ ಉತ್ತರ ಭಾಗದಲ್ಲಿ ಲಿಜರ್ಡ್ ದ್ವೀಪವಿದೆ. ಆಸ್ಟ್ರೇಲಿಯನ್ ಮ್ಯೂಸಿಯಂ ಅಲ್ಲಿ 1973ರಿಂದ ಸಂಶೋಧನಾ ಕೇಂದ್ರ ನಡೆಸುತ್ತಿದೆ. 2008ರಲ್ಲಿ ಅಲ್ಲಿನ ಮೃದು ಹವಳದ ಮೇಲೆ ಹೊಸ ಪ್ರಭೇದವೊಂದು ಪತ್ತೆಯಾದ ವಿವರ ಪ್ರಕಟವಾಯಿತು. ದ್ವೀಪದ ಹೆಸರಿನಲ್ಲೇ ಅದನ್ನು ಲಿಜರ್ಡೆನ್ಸಿಸ್ ಎಂದು ಕರೆಯಲಾಯಿತು. ಅದಾದ ಕೆಲವೇ ವರ್ಷಗಳಲ್ಲಿ, 2014 ಮತ್ತು 2015ರಲ್ಲಿ ಎರಡು ಚಂಡಮಾರುತಗಳು ಆ ದ್ವೀಪಕ್ಕೆ ಅಪ್ಪಳಿಸಿದವು. 2016ರಲ್ಲಿ ಹಾಗೂ 2024ರಲ್ಲಿ ಹವಳ ತೀವ್ರವಾಗಿ ಬಿಳಿಚಿತು. ಹೆಸರಿದ್ದ ಕಾರಣ ಆ ಹುಳು ಇದೆಯೋ ಇಲ್ಲವೋ ಎಂದು ಹುಡುಕಲಾದರೂ ಸಾಧ್ಯ. ಹೆಸರು ಪಡೆಯುವ ಮೊದಲೇ ಹವಳದೊಡನೆ ಅಳಿಯುವ ಜೀವಿಯನ್ನು ಹುಡುಕುವವರಾರು?

ಭಾರತದ ಲಕ್ಷದ್ವೀಪದ ಹವಳಗಳೂ 1998, 2010 ಮತ್ತು 2016ರಲ್ಲಿ ಬಿಳಿಚಿ ಅಪಾರ ಹಾನಿ ಅನುಭವಿಸಿವೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಘಟ್ಟದ ಇಳಿಜಾರಿನಲ್ಲಿ ಹುಟ್ಟಿದ ಹೊಳೆಗಳು ಕೊನೆಗೆ ಸೇರುವುದು ಇದೇ ಕಡಲನ್ನು. ಬೋಳಾದ ಗುಡ್ಡದಿಂದ ಕೊಚ್ಚಿಹೋದ ಮಣ್ಣು ಕರಾವಳಿಯ ನೀರನ್ನು ಕಲಕಿದರೆ, ಬೆಳಕನ್ನು ನೆಚ್ಚಿದ ಹವಳಕ್ಕೆ ಬೆಳಕು ಕಡಿಮೆಯಾಗುತ್ತದೆ. ಗುಡ್ಡದವರಿಗೂ ಕಡಲಿಗೂ ಇರುವ ನಂಟು ಇಷ್ಟು ಸರಳವಾದುದು.

ಜೀವಿಯನ್ನು ಉಳಿಸುವುದೆಂದರೆ ಅದರ ಆಶ್ರಯವನ್ನು ಉಳಿಸುವುದು ಎಂಬ ಮಾತನ್ನು ಮಲೆನಾಡಿನ ಜನ ಹೊಸದಾಗಿ ಕಲಿಯಬೇಕಾಗಿಲ್ಲ. ಈಶ್ವರಿ ಬಳ್ಳಿ ಕಡಿದಲ್ಲಿ ಚಿಟ್ಟೆ ಮೊಟ್ಟೆಯಿಡುವುದಿಲ್ಲ, ಹಳೆಯ ಮರ ಹೋದಲ್ಲಿ ಕಲ್ಲುಹೂವು ಹಬ್ಬುವುದಿಲ್ಲ. ಹೊಸದಾಗಿ ಕಲಿಯಬೇಕಾದುದು ದಾಖಲೆಯ ಶಿಸ್ತು. ಫಿಲ್ಲೊಡೆಸ್ಮಿಯಂ ಬಗೆಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ದೊರೆತದ್ದು, ಹುಳುವಿನ ಜೊತೆಗೆ ಅದು ಕುಳಿತಿದ್ದ ಹವಳವನ್ನೂ ಬರೆದಿಟ್ಟವರಿಂದ. ಊರಿನ ವಿದ್ಯಾರ್ಥಿಗಳು ಒಂದು ನೋಟುಬುಕ್ಕಿನಲ್ಲಿ ಎರಡು ಕಲಮುಗಳನ್ನು ಎಳೆದುಕೊಳ್ಳಲಿ. ಒಂದರಲ್ಲಿ ಕಂಡ ಕೀಟ, ಹುಳು, ಚಿಟ್ಟೆ. ಇನ್ನೊಂದರಲ್ಲಿ ಅದು ಯಾವ ಗಿಡ, ಬಳ್ಳಿ, ಮರದ ಮೇಲಿತ್ತೆಂಬುದು. ಜೊತೆಗೆ ದಿನಾಂಕ, ಸ್ಥಳ. ಗಿಡದ ಹೆಸರನ್ನು ಊರಿನ ಹಿರಿಯರು ಹೇಳಬಲ್ಲರು. ಹತ್ತು ವರ್ಷ ಕಳೆದ ಮೇಲೆ ಆ ಪುಸ್ತಕ ಆ ಗುಡ್ಡದ ಬಗೆಗೆ ಬೇರೆಲ್ಲೂ ದೊರೆಯದ ಸಾಕ್ಷಿಯಾಗುತ್ತದೆ. ಗುಡ್ಡಕ್ಕೆ ಯೋಜನೆಯೊಂದು ಬಂದು, ಇಲ್ಲಿ ವಿಶೇಷವಾದುದೇನೂ ಇಲ್ಲ ಎಂದು ಯಾರಾದರೂ ಬರೆದುಕೊಟ್ಟ ದಿನ, ಉತ್ತರ ಹೇಳಬೇಕಾದುದು ಆ ಎರಡು ಕಲಮುಗಳೇ.